ನಕ್ಷೆಯ ಮೇಲಿನ ಕರಿ ಚುಕ್ಕೆ

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುವವನು ನಾನಾಗಿದ್ದೆ. ನಕ್ಕು ಸುಮ್ಮನಾಗುವ ಜಾತಿಯೂ ಅಲ್ಲ. ಹೇಳಿದವರನ್ನು ಕೂರಿಸಿಕೊಂಡು, ಅವರ ಕಥೆಯ ಒಂದೊಂದು ಸ್ಕ್ರೂ ಬಿಚ್ಚಿ, ಕೊನೆಗೆ ಅವರ ಮುಖ ಸಣ್ಣದಾಗುವವರೆಗೆ ಬಿಡುತ್ತಿರಲಿಲ್ಲ. ಹೆಂಡತಿ ಇದಕ್ಕಾಗಿ ನನ್ನನ್ನು ಎಷ್ಟೋ ಸಲ ಬೈದಿದ್ದಾಳೆ.

ನನ್ನ ಕಸುಬು ಲೇಸರ್ ಪ್ರಿಂಟರ್ ರಿಪೇರಿ. ಶಿರಸಿಯಲ್ಲಿ ಮನೆ. ಬೈಕಿಗೆ ಒಂದು ಚೀಲ ಕಟ್ಟಿಕೊಂಡು ಇವತ್ತು ಸಿದ್ದಾಪುರ, ನಾಳೆ ಯಲ್ಲಾಪುರ ಎಂದು ಹದಿನೆಂಟು ವರ್ಷದಿಂದ ತಿರುಗುತ್ತಿದ್ದೇನೆ. ಈ ಕಸುಬು ಮಾಡುವವನಿಗೆ ದೆವ್ವದ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಯಲ್ಲಾಪುರದ ಒಂದು ಕಟ್ಟಿಗೆ ಡಿಪೋದಲ್ಲಿ ಪ್ರಿಂಟರ್ ತನ್ನಷ್ಟಕ್ಕೇ ಹಾಳೆ ಉಗುಳುತ್ತದೆ ಎಂದು ಗುಮಾಸ್ತ ಅದಕ್ಕೆ ಲಿಂಬೆಹಣ್ಣು ಕಟ್ಟಿದ್ದ. ಹಿಂದಿನ ದಿನ ಅರ್ಧಕ್ಕೆ ನಿಂತ ಕೆಲಸವನ್ನು ಮಶಿನ್ನು ಕರೆಂಟು ಬಂದ ಕೂಡಲೇ ಮುಗಿಸುತ್ತಿತ್ತು, ಅಷ್ಟೇ. ಹೆಗ್ಗರಣೆ ಕಡೆಯ ಒಬ್ಬ ಹೆಗಡೆಯವರು ಅಕ್ಷರಗಳ ಹಿಂದೆ ನೆರಳು ಬೀಳುತ್ತದೆ ಎಂದು ಗಾಬರಿಯಾಗಿ ಫೋನ್ ಮಾಡಿದ್ದರು. "ಆನು ಎಂತದೂ ಮಾಡಿದ್ನಿಲ್ಲೆ ಮಾರಾಯ, ಅದರಷ್ಟಕ್ಕೇ ಹೀಂಗಾಗ್ತು" ಎಂದು ಅವರ ಅಳಲು. ಹೋಗಿ ನೋಡಿದರೆ ಕಾಗದದ ಕಟ್ಟನ್ನು ಬಚ್ಚಲುಮನೆಯ ಗೋಡೆಗೆ ತಾಗಿಸಿ ಇಟ್ಟಿದ್ದರು. ತೇವ ಕುಡಿದ ಕಾಗದಕ್ಕೆ ಮಸಿ ಸರಿಯಾಗಿ ಕಚ್ಚುವುದಿಲ್ಲ. ಒಣ ಕಾಗದ ಹಾಕಿದೆ, ನೆರಳು ಹೋಯಿತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ಹೇಳುವುದನ್ನು ಓದಿ ನೀವು ನನ್ನನ್ನು ಮಳ್ಳ ಎಂದುಕೊಳ್ಳಬಾರದು. ಇಂಥ ಕಥೆಗಳೆಲ್ಲ ಅಮಾವಾಸ್ಯೆಯ ನಡುರಾತ್ರಿ ನಡೆಯುತ್ತವೆ ಎಂದು ಕೇಳಿದ್ದೇನೆ. ನನಗಾದದ್ದು ಹಗಲು ಹನ್ನೊಂದೂವರೆಗೆ, ಟ್ಯೂಬ್‌ಲೈಟಿನ ಕೆಳಗೆ, ಫ್ಯಾನು ತಿರುಗುತ್ತಿರುವಾಗ.

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಬದಿಯಲ್ಲಿ ಫರೀದಕ್ಕನ ಝೆರಾಕ್ಸ್ ಅಂಗಡಿ. ಆಕೆ ಇಪ್ಪತ್ತು ವರ್ಷದಿಂದ ಅರ್ಜಿ ಟೈಪು ಮಾಡುತ್ತ, ನಕಲು ತೆಗೆಯುತ್ತ ಸಂಸಾರ ನಡೆಸಿದವಳು. ಒಂದು ವಾರದಿಂದ ಆಕೆಯ ಪ್ರಿಂಟರಿನಲ್ಲಿ ಬರಹ ಎಡಗಡೆ ಮಸುಕಾಗಿ, ಬಲಗಡೆ ಮಾತ್ರ ಕಪ್ಪಾಗಿ ಬರುತ್ತಿತ್ತು. ಕರೆಂಟು ಸರಿಯಿಲ್ಲ, ಕಾಗದ ಸರಿಯಿಲ್ಲ ಎಂದು ಆಕೆಯ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಚೇಷ್ಟೆ ಮಾಡುತ್ತಲೇ ಮಶಿನ್ನು ಬಿಚ್ಚಿದೆ. ಮಸಿಪುಡಿ ತುಂಬುವ ಡಬ್ಬಿ ಸವೆದಿತ್ತು, ಮಸಿಯನ್ನು ಕಾಗದಕ್ಕೆ ಒತ್ತುವ ಒಳಗಿನ ಉರುಳೆ, ನಾವು ಡ್ರಮ್ಮು ಎನ್ನುವುದು, ಅದೂ ಮುಗಿದಿತ್ತು. ಎರಡನ್ನೂ ಹೊಸದು ಹಾಕಿ, ಕನ್ನಡಿ ಒರೆಸಿ, ರೋಲರ್ ತೊಳೆದು, ಟೆಸ್ಟ್ ಪೇಜ್ ತೆಗೆದೆ. ಅಕ್ಷರಗಳು ಕಾಡಿಗೆ ಹಚ್ಚಿದ ಹಾಗೆ ಬಂದವು. ಒಂದು ಕಲೆಯಿಲ್ಲ. ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ. ನನಗೇ ಖುಷಿಯಾಗುವಷ್ಟು ಚೊಕ್ಕ ಕೆಲಸ.

ಆಗ ಆ ತಾಯಿ ಮಗ ಬಂದರು. ಗುಡ್ನಾಪುರದ ಕೆರೆಯಿಂದಾಚೆಯ ಒಂದು ಊರಿನವರು. ಮಗನ ಹೆಸರು ಕೆರಿಯಪ್ಪ, ಮೂವತ್ತೈದರ ಗಟ್ಟಿ ಆಳು, ಸ್ವಂತ ಟ್ರ್ಯಾಕ್ಟರ್ ಓಡಿಸುವ ರೈತ. ತಾಯಿ ದ್ಯಾಮವ್ವ. ಮರುದಿನ ಅವರ ಹೊಸ ಮನೆಗೆ ಗುದ್ದಲಿ ಪೂಜೆ. ಎಂಜಿನಿಯರ್ ಕೈಯಲ್ಲೇ ಬರೆದುಕೊಟ್ಟ ಮನೆಯ ನಕ್ಷೆ ಒಂದೇ ಇತ್ತು. ಅದರ ಒಂಬತ್ತು ನಕಲು ಬೇಕಿತ್ತು. ಪಂಚಾಯಿತಿಗೆ ಕೆಲವು, ಮೇಸ್ತ್ರಿಗೆ ಎರಡು, ಪೂಜೆಯ ಮಣೆಯ ಮೇಲೆ ಇಡಲಿಕ್ಕೆ ಒಂದು. ಪೂಜೆಗೆ ಇಡುವ ನಕ್ಷೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ, ಆಮೇಲೆ ಅದನ್ನು ಗುದ್ದಲಿಯ ಜೊತೆ ಇಡುವುದು ಅವರ ಕಡೆ ಈಗ ರೂಢಿಯಾಗಿದೆಯಂತೆ.

"ಚಂದ ಬರ್ಲಿರಿ ಸರ, ದೇವ್ರ ಮುಂದ ಇಡೂದೈತಿ" ಎಂದ ಕೆರಿಯಪ್ಪ.

"ಹೊಸ ಡ್ರಮ್ಮು ಹಾಕಿ ಹತ್ತು ನಿಮಿಷ ಆಯ್ತು. ನಿಮ್ದೇ ಬೋಣಿ" ಎಂದು ನಾನು ಬೀಗಿದೆ.

ಮೊದಲ ನಕಲು ಹೊರಗೆ ಬಂತು. ಗೆರೆಗಳೆಲ್ಲ ಕೂದಲಿನ ಹಾಗೆ ಸ್ಪಷ್ಟ. ಆದರೆ ಅಡುಗೆಮನೆಯ ಮೂಲೆಯಲ್ಲಿ, ಕಂಬದ ಗುಂಡಿ ಬರಬೇಕಾದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಕರಿ ಚುಕ್ಕೆ. ಒಂದು ಚೂರು ಪುಡಿ ಬಿದ್ದಿರಬೇಕು ಎಂದುಕೊಂಡು ಎರಡನೆಯದು ತೆಗೆದೆ. ಅದೇ ಜಾಗದಲ್ಲಿ ಚುಕ್ಕೆ. ಈ ಸಲ ಮೆಣಸಿನ ಕಾಳಿನಷ್ಟಿತ್ತು.

ನಮ್ಮ ಕೆಲಸದಲ್ಲಿ ಚುಕ್ಕೆ ಎಂದರೆ ಗಾಬರಿಯಾಗುವ ವಿಷಯವಲ್ಲ. ಚುಕ್ಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಅದೇ ಹೇಳುತ್ತದೆ. ಡ್ರಮ್ಮಿನ ಮೇಲೆ ಗಾಯವಾಗಿದ್ದರೆ, ಡ್ರಮ್ಮು ಒಂದು ಹಾಳೆಗೆ ಮೂರು ಸುತ್ತು ತಿರುಗುವುದರಿಂದ, ಚುಕ್ಕೆ ಸಮ ಅಂತರದಲ್ಲಿ ಮೂರು ಕಡೆ ಬೀಳಬೇಕು. ಅಂತರವನ್ನು ಸ್ಟೀಲ್ ಪಟ್ಟಿಯಿಂದ ಅಳೆದರೆ ಯಾವ ರೋಲರಿನ ತಪ್ಪು ಎಂದು ಕಣ್ಣು ಮುಚ್ಚಿ ಹೇಳಬಹುದು. ಇಲ್ಲಿ ಒಂದೇ ಚುಕ್ಕೆ. ಹಾಗಾದರೆ ನಕಲು ತೆಗೆಯುವ ಗಾಜಿನ ಮೇಲೆ ಕೊಳೆ ಇರಬೇಕು. ಗಾಜು ಒರೆಸಿದೆ. ಮೂರನೆಯ ನಕಲಿನಲ್ಲೂ ಚುಕ್ಕೆ, ಇನ್ನೂ ಸ್ವಲ್ಪ ದಪ್ಪ.

ಖಾಲಿ ಹಾಳೆ ಇಟ್ಟು ನಕಲು ತೆಗೆದೆ: ಹಾಲಿನಂತೆ ಬಿಳಿ. ಫರೀದಕ್ಕನ ರೇಷನ್ ಕಾರ್ಡು ಇಟ್ಟು ತೆಗೆದೆ: ಚುಕ್ಕೆಯಿಲ್ಲ. ಆಮೇಲೆ ನಕ್ಷೆಯನ್ನು ತಲೆಕೆಳಗಾಗಿ ಇಟ್ಟೆ. ಇದು ನಮ್ಮ ಕೊನೆಯ ಪರೀಕ್ಷೆ. ದೋಷ ಮಶಿನ್ನಿನದಾದರೆ ಚುಕ್ಕೆ ಹಾಳೆಯ ಅದೇ ಜಾಗದಲ್ಲಿ ಉಳಿಯಬೇಕು, ನಕ್ಷೆ ಮಾತ್ರ ತಿರುಗಬೇಕು. ಹಾಳೆ ಹೊರಗೆ ಬಂತು. ಚುಕ್ಕೆ ನಕ್ಷೆಯ ಜೊತೆಗೇ ತಿರುಗಿ ಅಡುಗೆಮನೆಯ ಮೂಲೆಯಲ್ಲೇ ಕೂತಿತ್ತು.

ಹಾಗಾದರೆ ತಪ್ಪು ಮೂಲ ನಕ್ಷೆಯದ್ದೇ ಎಂದು ನನಗೆ ಸಮಾಧಾನವಾಯಿತು. ನಕ್ಷೆ ಎತ್ತಿ ನೋಡಿದೆ. ಆ ಜಾಗದಲ್ಲಿ ಏನೂ ಇಲ್ಲ. ಭೂತಗನ್ನಡಿ ಹಿಡಿದು ನೋಡಿದೆ, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿದೆ, ಬೆರಳಾಡಿಸಿದೆ. ಎಣ್ಣೆಯ ಕಲೆಯಿಲ್ಲ, ಪೆನ್ಸಿಲ್ ಮೊನೆಯ ಗುರುತಿಲ್ಲ. ಫರೀದಕ್ಕ ತನ್ನ ಕನ್ನಡಕ ಒರೆಸಿಕೊಂಡು ನೋಡಿದಳು. "ಏನೂ ಇಲ್ವಲ್ಲ ಮಾರಾಯ್ರೆ" ಎಂದಳು.

ಫೋನಿನಲ್ಲಿ ನಕ್ಷೆಯ ಫೋಟೋ ತೆಗೆದೆ. ಪರದೆಯ ಮೇಲೆ ದೊಡ್ಡದು ಮಾಡಿ ಮಾಡಿ ನೋಡಿದೆ, ಚುಕ್ಕೆಯಿಲ್ಲ. ಅದನ್ನೇ ಪ್ರಿಂಟರಿಗೆ ಕಳಿಸಿದೆ. ಚುಕ್ಕೆ ಬಂತು. ಅಂಗಡಿಯ ಮೂಲೆಯಲ್ಲಿ ಫರೀದಕ್ಕನ ಹಳೆಯ ಪ್ರಿಂಟರ್ ಒಂದಿತ್ತು. ಬೇರೆ ಕಂಪನಿ, ಬೇರೆ ಡ್ರಮ್ಮು, ಬೇರೆ ಮಸಿ. ಧೂಳು ಕೊಡವಿ, ಕರೆಂಟು ಕೊಟ್ಟು, ಅದೇ ಫೋಟೋ ಅದಕ್ಕೂ ಕಳಿಸಿದೆ. ಅದರಲ್ಲೂ ಬಂತು. ಮತ್ತೆ ಮೊದಲಿನ ಮಶಿನ್ನಿಗೆ ಬಂದು, ಮೂಲ ನಕ್ಷೆಯನ್ನು ಗಾಜಿನ ಮೇಲಿಟ್ಟು ಇನ್ನೊಂದು ತೆಗೆದೆ. ಆ ಹೊತ್ತಿಗೆ ಚುಕ್ಕೆ ಅಂಗಿಯ ಗುಂಡಿಯಷ್ಟಾಗಿತ್ತು. ಅಂಚು ಗುಂಡಗೆ, ನಡುವೆ ಅಚ್ಚ ಕಪ್ಪು. ಅಳೆದೆ: ಹನ್ನೆರಡು ಮಿಲಿಮೀಟರ್.

ಇಷ್ಟು ಹೊತ್ತೂ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ದ್ಯಾಮವ್ವ ಎದ್ದು ಬಂದು ಹಾಳೆಗಳನ್ನು ನೋಡಿದಳು. ಒಂದರ ಪಕ್ಕ ಒಂದು ಇಟ್ಟು, ಚುಕ್ಕೆ ಬೆಳೆಯುತ್ತ ಬಂದದ್ದನ್ನು ಬೆರಳಿಂದ ಮುಟ್ಟುತ್ತ ಹೋದಳು.

"ತಮ್ಮಾ, ನಾಳಿ ಗುದ್ಲಿ ಹಾಕೂದು ಬ್ಯಾಡ. ಮೊದ್ಲ ದೇವಿ ಕಡಿ ಪ್ರಸಾದ ಕೇಳೂಣು" ಎಂದಳು ಮಗನಿಗೆ.

ಪ್ರಸಾದ ಕೇಳುವುದೆಂದರೆ, ದೇವಿಯ ಮೂರ್ತಿಗೆ ಹೂ ಏರಿಸಿ, ಮನಸ್ಸಿನ ಪ್ರಶ್ನೆ ಹೇಳಿಕೊಂಡು ಕಾಯುವುದು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ನಮ್ಮ ಸೀಮೆಯಲ್ಲಿ ಹೆಣ್ಣು ನೋಡುವುದರಿಂದ ಹಿಡಿದು ಬಾವಿ ತೋಡುವವರೆಗೆ ಎಲ್ಲದಕ್ಕೂ ಕೇಳುತ್ತಾರೆ. ಕೆರಿಯಪ್ಪ ತಲೆ ಕೆರೆದುಕೊಂಡ. ಜೆಸಿಬಿಗೆ ಹೇಳಿಯಾಗಿದೆ, ನೆಂಟರಿಗೆ ಹೇಳಿಯಾಗಿದೆ. ಆದರೂ ಅವನು ತಾಯಿಯ ಮಾತು ತೆಗೆದುಹಾಕುವವನಾಗಿರಲಿಲ್ಲ. ನನ್ನ ಮುಖ ನೋಡಿದ. "ಏನ್ರಿ ಸರ ಇದು? ನೀವು ಹೇಳ್ರಿ" ಎಂದ.

ಅವನು ನನ್ನನ್ನು ಕೇಳಿದ. ಇದನ್ನು ನಾನು ಮರೆಯಲಾರೆ. ಏನೂ ಗೊತ್ತಾಗುತ್ತಿಲ್ಲ ಕಣಪ್ಪ ಎಂದು ನಾನು ಹೇಳಿದ್ದರೆ ಅವರು ಆ ಹೊತ್ತೇ ನಕ್ಷೆ ಮಡಚಿಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದರು. ನಾನು ನಕ್ಕೆ.

"ಅಮ್ಮಾ, ಇದು ಮಸಿಪುಡಿ. ಈ ಪುಡಿಗೆ ಮುಂದಾಗೋದು ಗೊತ್ತಾಗೋದಾದ್ರೆ ನಾ ಯಾಕೆ ಇಷ್ಟು ವರ್ಷ ಕೈ ಕರಿ ಮಾಡ್ಕೊಂಡು ತಿರುಗ್ತಿದ್ದೆ? ಹೊಸ ಡ್ರಮ್ಮು, ಹೊಂದ್ಕೊಳ್ಳೋವರೆಗೆ ಒಂದೆರಡು ಚುಕ್ಕೆ ಬೀಳ್ತದೆ."

ಅದು ಅಪ್ಪಟ ಸುಳ್ಳು. ಹೊಸ ಡ್ರಮ್ಮು ಹಾಗೆ ಮಾಡುವುದಿಲ್ಲ. ಮಾಡಿದರೂ ಹಳೆಯ ಪ್ರಿಂಟರಿನಲ್ಲಿ ಚುಕ್ಕೆ ಯಾಕೆ ಬರಬೇಕು? ಫರೀದಕ್ಕ ನನ್ನ ಕಡೆ ಒಂದು ಥರಾ ನೋಡಿದಳು. "ಇರ್ಲಿ ಬಿಡಿ, ಚುಕ್ಕೆ ಇದ್ದ ಹಾಗೇ ಕೊಟ್ಬಿಡುವ. ಅದೇನೂ ಗೆರೆ ಮುಚ್ಚಿಲ್ವಲ್ಲ" ಎಂದಳು. ಕೆರಿಯಪ್ಪ ಮಾತ್ರ ಒಪ್ಪಲಿಲ್ಲ. "ಕರಿ ಚುಕ್ಕಿ ಇರೂ ಹಾಳಿ ಪೂಜಾಕ್ಕ ಹೆಂಗ್ ಇಡೂದ್ರಿ?" ಎಂದ. ಅರಿಸಿನ ಹಚ್ಚುವ ಕಾಗದದ ಮೇಲೆ ಕರಿ ಕಲೆ ಇರಬಾರದು, ಅದು ಅವರ ಕಡೆಯ ಕಟ್ಟುನಿಟ್ಟು.

ಆಗ ಎಲ್ಲ ಝೆರಾಕ್ಸ್ ಅಂಗಡಿಯವರಿಗೂ ಗೊತ್ತಿರುವ ಉಪಾಯ ಮಾಡಿದೆ. ಚುಕ್ಕೆ ಎಲ್ಲಕ್ಕಿಂತ ಸಣ್ಣದಿದ್ದ ಮೊದಲ ನಕಲನ್ನು ತೆಗೆದುಕೊಂಡು, ಚುಕ್ಕೆಯ ಮೇಲೆ ವೈಟ್ನರ್ ಹಚ್ಚಿ, ಫ್ಯಾನಿನ ಕೆಳಗೆ ಒಣಗಿಸಿ, ಆ ನಕಲಿನ ನಕಲು ತೆಗೆದೆ. ಚುಕ್ಕೆ ಬರಲಿಲ್ಲ. ಒಂಬತ್ತೂ ಚೊಕ್ಕವಾಗಿ ಬಂದವು. "ನೋಡಿ, ನಿಮ್ಮ ಮನೆಯ ದೋಷ ತೆಗೆದುಕೊಟ್ಟೆ" ಎಂದು ದ್ಯಾಮವ್ವನಿಗೆ ಹೇಳಿದೆ. ಆಕೆ ನಗಲಿಲ್ಲ. ಆದರೆ ತಿಳಿದವರು ಹೇಳುತ್ತಿದ್ದಾರೆ ಎಂದು ಸುಮ್ಮನಾದಳು. ಪ್ರಸಾದ ಕೇಳುವ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ನಾನು ಯಲ್ಲಾಪುರದಲ್ಲಿದ್ದೆ. ಹೆದ್ದಾರಿ ಬದಿಯ ಒಂದು ಲಾರಿ ಆಫೀಸಿನಲ್ಲಿ ಪ್ರಿಂಟರಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದೆ. ಹನ್ನೆರಡು ಗಂಟೆಯ ಸುಮಾರಿಗೆ ಫರೀದಕ್ಕನ ಫೋನು.

"ನಿನ್ನೆ ನಕ್ಷೆ ತಗೊಂಡು ಹೋದ್ನಲ್ಲ ಆ ಹುಡುಗ, ಅವ ಬಿದ್ದಿದಾನಂತೆ. ಪೂಜೆ ಆದ್ಮೇಲೆ ಕಂಬದ ಗುಂಡಿ ತೆಗೀತಿದ್ರಂತೆ. ಕೆಳಗೆ ಹಳೇ ಬಾವಿ ಇತ್ತಂತೆ ಮಾರಾಯ್ರೆ. ನೆಲ ಬಾಯಿ ಬಿಡ್ತಂತೆ. ಇನ್ನೂ ಮೇಲೆ ತೆಗೆದಿಲ್ವಂತೆ." ಆಮೇಲೆ, "ಅಡುಗೆಮನೆ ಮೂಲೇಲಿ" ಎಂದಳು.

ಬಿಚ್ಚಿದ ಮಶಿನ್ನನ್ನು ಹಾಗೇ ಬಿಟ್ಟು ಬೈಕು ಹತ್ತಿದೆ. ಯಲ್ಲಾಪುರದಿಂದ ಶಿರಸಿಗೆ, ಶಿರಸಿಯಿಂದ ಅವರ ಊರಿಗೆ ಹೇಗೆ ಹೋದೆ ಎಂಬುದು ಒಂದು ಚೂರೂ ನೆನಪಿಲ್ಲ. ದಾರಿಯುದ್ದಕ್ಕೂ ಬಾಯಲ್ಲಿ ಇದ್ದದ್ದು ಒಂದೇ ಮಾತು: ಜೀವ ಇರಲಿ, ಜೀವ ಇರಲಿ. ಯಾರಿಗೆ ಹೇಳುತ್ತಿದ್ದೆ ಎಂದು ಕೇಳಬೇಡಿ. ಅಲ್ಲಿಯವರೆಗೆ ನಾನು ಯಾರಿಗೂ ಹಾಗೆ ಬೇಡಿಕೊಂಡವನಲ್ಲ.

ನಾನು ಮುಟ್ಟುವ ಹೊತ್ತಿಗೆ ಅವನನ್ನು ಮೇಲೆ ತೆಗೆದು ಹುಬ್ಬಳ್ಳಿಗೆ ಒಯ್ದಿದ್ದರು. ಜೀವ ಇತ್ತು. ಗುಂಡಿ ನಾಲ್ಕು ಅಡಿ ಆಗಿದ್ದಾಗ ಸಡಿಲ ಮಣ್ಣು ಬಾಚಿಕೊಡಲು ಅವನೇ ಇಳಿದಿದ್ದನಂತೆ. ಕಾಲ ಕೆಳಗಿನ ಕಲ್ಲುಚಪ್ಪಡಿ ಮುರಿದು ಇಪ್ಪತ್ತೈದು ಅಡಿ ಕೆಳಗೆ ಹೋದ. ಮೇಲಿನಿಂದ ಬಿದ್ದ ಕಲ್ಲುಗಳು ಅವನ ಬಲಗಾಲನ್ನು ಅರೆದವು. ಆ ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಅಲ್ಲಿ ಬಾವಿ ಇತ್ತು ಎಂದು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಂಬತ್ತು ದಾಟಿದ ಅಜ್ಜಂದಿರನ್ನು ಕೇಳಿದರು. ಅವರ ಅಪ್ಪಂದಿರ ಕಾಲದಲ್ಲೂ ಅದು ದನ ಮೇಯುವ ಬಯಲೇ. ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಕೂತು, ಹುಲ್ಲು ಬೆಳೆದು ಎಷ್ಟು ಕಾಲವಾಗಿತ್ತೋ ಯಾರು ಬಲ್ಲರು. ನಕ್ಷೆ ಬರೆದ ಎಂಜಿನಿಯರ್ ಹುಬ್ಬಳ್ಳಿ ಕಡೆಯವನು, ಆ ಜಾಗವನ್ನು ಒಂದೇ ಸಲ ನೋಡಿದ್ದ.

ಮೂರನೆಯ ದಿನ ನಾನು ಫರೀದಕ್ಕನ ಅಂಗಡಿಯಲ್ಲೇ ಉಳಿದಿದ್ದ ಚುಕ್ಕೆಯ ಕೊನೆಯ ಹಾಳೆಯನ್ನೂ ಸ್ಟೀಲ್ ಪಟ್ಟಿಯನ್ನೂ ಹಿಡಿದು ಅಲ್ಲಿಗೆ ಹೋದೆ. ನನ್ನ ಮನಸ್ಸಿನ ಒಂದು ಮೂಲೆ ಇನ್ನೂ ಹಟ ಹಿಡಿದಿತ್ತು. ಚುಕ್ಕೆ ಸುಮಾರಾಗಿ ಆ ಕಡೆ ಇತ್ತು, ಅಷ್ಟೇ, ಸರಿಯಾಗಿ ಅಳೆದರೆ ತಪ್ಪುತ್ತದೆ ಎಂದು. ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಮೀಟರ್. ಮುಂಬಾಗಿಲ ಮೂಲೆಯಿಂದ ಚುಕ್ಕೆಯ ನಡುವಿಗೆ ಏಳು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್. ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದ ಮುಂಬಾಗಿಲ ಮೂಲೆಯಲ್ಲಿ ಮೇಸ್ತ್ರಿ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು. ಏಳು ಮೀಟರ್ ನಲವತ್ತಕ್ಕೆ ಟೇಪು ಬಾವಿಯ ಬಾಯಿಯ ನಟ್ಟನಡುವೆ ನಿಂತಿತು. ಬಾಯಿಯ ಅಗಲ ಅಳೆದೆವು. ಒಂದು ಮೀಟರ್ ಇಪ್ಪತ್ತು. ನನ್ನ ಕೈಯ ಹಾಳೆಯಲ್ಲಿ ಹನ್ನೆರಡು ಮಿಲಿಮೀಟರ್.

ಟೇಪು ಬಿಟ್ಟು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. ಮೇಸ್ತ್ರಿ ಆ ಹಾಳೆಯನ್ನು ನೋಡಿದ. "ನಮಗ ಕೊಟ್ಟಿದ್ದರಾಗ ಇದು ಇರ್ಲೇ ಇಲ್ಲಲ್ರಿ. ಇದ್ದಿದ್ರ ಇದೇನು ಅಂತ ಕೇಳ್ತಿದ್ನಿ" ಎಂದ. ಅವನು ನನ್ನನ್ನು ಬೈಯಲು ಹೇಳಿದ್ದಲ್ಲ, ಸಹಜವಾಗಿ ಹೇಳಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮೂಲ ನಕ್ಷೆಯನ್ನು ಮತ್ತೆ ತರಿಸಿ ಫರೀದಕ್ಕನ ಅದೇ ಮಶಿನ್ನಿನಲ್ಲಿ, ಅದೇ ಡ್ರಮ್ಮಿನಲ್ಲಿ ಇಪ್ಪತ್ತು ನಕಲು ತೆಗೆದೆ. ಒಂದರಲ್ಲೂ ಚುಕ್ಕೆ ಬರಲಿಲ್ಲ. ಹಳೆಯ ಪ್ರಿಂಟರಿನಲ್ಲಿ ತೆಗೆದೆ, ಬರಲಿಲ್ಲ. ಚುಕ್ಕೆಯ ಹಾಳೆಗಳನ್ನು ಈ ಕಸುಬಿನ ಗೆಳೆಯರಿಗೆ ತೋರಿಸಿದೆ. ಪುಡಿ ಸೋರಿದೆ, ಅಷ್ಟೇ ಎಂದು ಎಲ್ಲರೂ ನಕ್ಕರು. ಹಿಂದೆ ನಾನು ಬೇರೆಯವರನ್ನು ನೋಡಿ ನಗುತ್ತಿದ್ದ ಹಾಗೇ ನಕ್ಕರು. ಅವರ ಜೊತೆ ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಕಾಕತಾಳೀಯ ಎನ್ನುತ್ತೀರಾ? ಎನ್ನಿ. ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ. ಹಾಳೆ ತೆಗೆದು ನೋಡಿದ ಕೂಡಲೇ ಆ ಮಾತು ನಾಲಿಗೆಯ ಮೇಲೆ ನಿಲ್ಲುವುದಿಲ್ಲ.

ಕೆರಿಯಪ್ಪ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋಗಿದ್ದೆ. ಜಗಲಿಯ ಮಂಚದ ಮೇಲೆ ಕೂತಿದ್ದವನು ನನ್ನನ್ನು ಕಂಡು, "ಬರ್ರಿ ಸರ, ಬರ್ರಿ" ಎಂದು ಮೊದಲಿನ ಹಾಗೇ ಕರೆದ. ಚಹಾ ತರಿಸಿದ. "ಬಾವಿ ಐತಿ ಅಂತ ಯಾರಿಗ್ ಗೊತ್ತಿತ್ರಿ? ನನ್ನ ಹಣೇಬರ" ಎಂದ. ಟ್ರ್ಯಾಕ್ಟರ್ ಬ್ರೇಕು ಒತ್ತುವುದು ಇನ್ನು ಹೇಗೆ ಎಂಬುದನ್ನು ಮಾತ್ರ ಎರಡು ಸಲ ಕೇಳಿದ. ನಾನು ಚಹಾ ನುಂಗಿದೆ. ಅವನು ಒಂದು ಬೈಗುಳ ಬೈದಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಹೊರಟಾಗ ದ್ಯಾಮವ್ವ ನನ್ನ ಹಿಂದೆಯೇ ಬೈಕಿನವರೆಗೆ ಬಂದಳು. ಮಗನಿಗೆ ಕೇಳದಷ್ಟು ದೂರ ಬಂದ ಮೇಲೆ ನಿಂತಳು. ಸಿಟ್ಟಿರಲಿಲ್ಲ ಆಕೆಯ ಮುಖದಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಕೇಳಿದಳು.

"ಅದು ನಿಮಗ ತೋರಿಸಿತ್ತಲ್ರಿ. ಅಷ್ಟು ಸರ್ತಿ ತೋರಿಸ್ತು. ಮತ್ತ ಯಾಕ ಅಳಿಸಿದ್ರಿ?"

ನಾನು ಬೈಕಿನ ಕೀಲಿ ಹುಡುಕುವವನ ಹಾಗೆ ಜೇಬು ತಡಕಾಡಿದೆ. ಆಕೆ ಒಳಗೆ ಹೋದಳು.

ಯಾರು ತೋರಿಸಿದರು, ಯಾಕೆ ತೋರಿಸಿದರು, ಅಥವಾ ಯಾರೂ ತೋರಿಸಲೇ ಇಲ್ಲವೋ, ವರ್ಷಗಳು ಕಳೆದರೂ ನನಗೆ ತಿಳಿದಿಲ್ಲ. ತಿಳಿಯುತ್ತದೆ ಎಂಬ ಆಸೆಯೂ ಈಗ ಇಲ್ಲ. ಆದರೆ ಆ ತಾಯಿ ಕೇಳಿದ್ದು ಅದನ್ನಲ್ಲ. ಆಕೆ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿದೆ, ಅವತ್ತೂ ಇತ್ತು. ನನಗೆ ಅರ್ಥವಾಗಲಿಲ್ಲ, ಅದಕ್ಕೇ ಅಳಿಸಿದೆ. ಇಷ್ಟನ್ನು ಆಕೆಯ ಎದುರು ನಿಂತು ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.